ಬರುವವರು, ಹೋಗುವವರು, ನಡುವೆ ನಾನು

ಪ್ರೀತಿಯ ಗೆಳೆಯಾ,

ಉತ್ತರ ಬರೆಯೋದು ತಡವಾಯ್ತು, ಬೈಯಬೇಡ ಮಾರಾಯ. ಈ ವಾರ ನಾನು ಮಿಷನರಿಯೋ ಟ್ಯಾಕ್ಸಿ ಡ್ರೈವರೋ ನನಗೇ ಗೊತ್ತಾಗಲಿಲ್ಲ. ಆಫ್ರಿಕಾ ಅಂದಕೂಡಲೇ ನೀನು ಕಾಡು, ಗುಡಿಸಲು, ಮರದಡಿ ಬೈಬಲ್ ಹಿಡಿದು ನಿಂತ ನಾನು ಅಂತೆಲ್ಲ ಕಲ್ಪಿಸಿಕೊಂಡಿದ್ದೀಯಲ್ಲ, ಅದನ್ನು ಬಿಟ್ಟುಬಿಡು. ನೈರೋಬಿಯ ಈ ಮಿಷನ್ ಮನೆಯಲ್ಲಿ ನನ್ನ ಪಾಲಿಗೆ ಬಂದಿರೋದು ವ್ಯಾನಿನ ಕೀಲಿಕೈ, ಒಗೆದ ಹಾಸಿಗೆ ಬಟ್ಟೆ, ಪಾಸ್‌ಪೋರ್ಟಿನ ಜೆರಾಕ್ಸ್. ಜುಲೈ ನಮಗೆ ವರ್ಗಾವಣೆಯ ಕಾಲ. ಒಂದು ಕೋಣೆ ಖಾಲಿಯಾಗುವ ಮೊದಲೇ ಅದಕ್ಕೆ ಇನ್ನೊಬ್ಬರ ಹೆಸರು ಬರೆದಾಗಿರುತ್ತೆ.

ಮೊದಲು ಬಂದವರು ಬೆಂಗಳೂರಿನ ಇಬ್ಬರು ಸಿಸ್ಟರುಗಳು. ನಡುರಾತ್ರಿ ಏರ್‌ಪೋರ್ಟಿನಿಂದ ಹೊರಗೆ ಬಂದವರು ಗಡಗಡ ನಡುಗುತ್ತಿದ್ದರು. ಆಫ್ರಿಕಾ ಅಂದರೆ ಸೆಕೆ ಅಂತ ತೆಳ್ಳನೆ ಹತ್ತಿ ಬಟ್ಟೆ ತೊಟ್ಟು ಬಂದಿದ್ದರು. ಈ ಊರು ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತಲೆಗಿಂತ ಸ್ವಲ್ಪವೇ ಕೆಳಗೆ. ಸಾಲದ್ದಕ್ಕೆ ಸಮಭಾಜಕ ವೃತ್ತದ ದಕ್ಷಿಣಕ್ಕಿರುವುದರಿಂದ ಜುಲೈಯಲ್ಲೇ ಇಲ್ಲಿ ಚಳಿ. ಅದರ ಮೇಲೆ ಒಬ್ಬ ಸಿಸ್ಟರ್ ಮುಖ ಸಣ್ಣದಾಗಿತ್ತು. ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿತ್ತು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ಏರ್‌ಪೋರ್ಟಿನಲ್ಲೇ ಬಿಟ್ಟು ಬರಬೇಕು. ಕೊಟ್ಟೆ ಅಲ್ಲೇ ಉಳಿಯಿತು, ಚಕ್ಕುಲಿ ಸಿಸ್ಟರ್ ಸೆರಗಿಗೆ ಬಂತು. ಮನೆ ಮುಟ್ಟುವಷ್ಟರಲ್ಲಿ ಅರ್ಧ ಪುಡಿ. ಪುಡಿಯನ್ನೇ ತಿಂದೆವು, ಚೆನ್ನಾಗಿತ್ತು.

ಮಾರನೇ ದಿನ ತುರ್ಕಾನಾ ಕಡೆ, ಲೋಡ್ವಾರಿಗೆ ಹೊರಟ ಬ್ರದರನ್ನು ವಿಲ್ಸನ್ ಏರ್‌ಪೋರ್ಟಿಗೆ ಬಿಡಬೇಕಿತ್ತು. ದೇಶದೊಳಗಿನ ಹಾರಾಟಕ್ಕೆ ಆ ಚಿಕ್ಕ ನಿಲ್ದಾಣ. ಸಣ್ಣ ವಿಮಾನ, ಸಾಮಾನಿನ ತೂಕಕ್ಕೆ ಬಲು ಬಿಗಿ. ಲೋಡ್ವಾರ್ ಅಂದರೆ ಒಣಭೂಮಿ, ಸುಡುಬಿಸಿಲು. ಅಲ್ಲಿ ಸ್ವೆಟರ್ ಏನು ಮಾಡ್ತೀಯಪ್ಪಾ ಅಂತ ಬ್ಯಾಗಿನಿಂದ ಕಿತ್ತು ಸಿಸ್ಟರುಗಳಿಗೆ ಕೊಟ್ಟೆ. ಒಬ್ಬರಿಗೆ ಅದು ಮೊಣಕಾಲಿನವರೆಗೆ ಬರ್ತಿದೆ, ಆದರೂ ತೆಗೆದಿಲ್ಲ. ಹೋಗುವವರ ಬ್ಯಾಗು ಬಿಚ್ಚದೆ ಬರುವವರಿಗೆ ಹೊದಿಸೋಕಾಗಲ್ಲ, ನಮ್ಮ ಮನೆ ನಡೆಯೋದೇ ಹೀಗೆ.

ಇಲ್ಲಿನ ಗಂಟೆಯ ಲೆಕ್ಕವೂ ಬೇರೆ. ಬೆಳಗ್ಗೆ ಏಳು ಅಂದರೆ ಸ್ವಾಹಿಲಿಯಲ್ಲಿ ಒಂದು ಗಂಟೆ, ಎಣಿಕೆ ಶುರುವಾಗೋದು ಸೂರ್ಯ ಹುಟ್ಟಿದ ಮೇಲೆ. ನನಗಂತೂ ಇದೇ ಸರಿ ಅನಿಸುತ್ತೆ. ಡ್ರೈವರ್ 'ಸಾ ಮೋಜಾ' ಅಂದಿದ್ದಕ್ಕೆ ಮಧ್ಯಾಹ್ನ ಅಲ್ಲವಾ ಅಂತ ಬ್ರದರ್ ಮತ್ತೆ ಮುಸುಕೆಳೆದಿದ್ದರು. ಎಬ್ಬಿಸಿ, ಹಲ್ಲುಜ್ಜಿಸಿ ಕರೆದುಕೊಂಡು ಹೋದೆ.

ಇದೆಲ್ಲ ಸುಲಭ. ಬರುವವರಿಗೆ ಬಿಸಿನೀರು, ಚಹಾ, ಹಾಸಿಗೆ ಕೊಟ್ಟರೆ ಮುಗಿಯಿತು. ಕಷ್ಟ ಇರೋದು ಕಳಿಸಿಕೊಡೋದರಲ್ಲಿ, ಅದರಲ್ಲೂ ವಾಪಸ್ ಬರದವರನ್ನು. ನಮ್ಮ ಚಿಕ್ಕಮಗಳೂರು ಕಡೆಯ ಹಿರಿಯ ಫಾದರ್ ಒಬ್ಬರು ನಿವೃತ್ತರಾಗಿ ಹೊರಟಿದ್ದಾರೆ. ಕೀನ್ಯಾಕ್ಕೆ ಮೋಯಿ ಅಧ್ಯಕ್ಷರಾಗಿದ್ದ ಕಾಲದಲ್ಲಿ, ಅಂದರೆ 2002ಕ್ಕೂ ಮೊದಲೇ, ಬಂದವರು. ಊರವರು ಬೀಳ್ಕೊಡುಗೆಗೆ ಕತ್ತಾಳೆ ನಾರಿನ ಕಿಯೊಂಡೊ ಬುಟ್ಟಿ, ಮರದ ಜಿರಾಫೆ, ಜೊತೆಗೆ ಒಂದು ಜೀವಂತ ಹುಂಜ ಕೊಟ್ಟಿದ್ದಾರೆ. ಹುಂಜ ಈಗ ನನ್ನ ಕಿಟಕಿಯ ಕೆಳಗಿದೆ, ಯಾವ ದೇಶದ ಗಂಟೆಯನ್ನೂ ಪಾಲಿಸಲ್ಲ. ಜಿರಾಫೆಯ ಕತ್ತು ಸೂಟ್‌ಕೇಸಿಗೆ ಹಿಡಿಸಲಿಲ್ಲ. ಫಾದರ್ ದಿನಾ ರಾತ್ರಿ ಸೂಟ್‌ಕೇಸನ್ನು ತಕ್ಕಡಿ ಮೇಲಿಟ್ಟು 23 ಕಿಲೋಗೆ ಇಳಿಸುತ್ತಾರೆ, ಬೆಳಗ್ಗೆ ನೋಡಿದರೆ ಮತ್ತೆ 26. ಪುಸ್ತಕ ತೆಗೆಯುತ್ತಾರೆ, ಪ್ಯಾರಿಷ್ ಮಕ್ಕಳ ಫೋಟೊ ತುಂಬುತ್ತಾರೆ. ಕೆರಿಚೋ ಚಹಾಪುಡಿ ಮಾತ್ರ ಒಂದು ಪ್ಯಾಕೆಟ್ಟೂ ಕಮ್ಮಿ ಮಾಡಲ್ಲ. ಕಾಫಿ ಸೀಮೆಗೆ ಚಹಾ ಯಾಕೆ ಫಾದರ್ ಅಂದರೆ, ನಿನಗೇನು ಗೊತ್ತು ಅನ್ನುತ್ತಾರೆ.

ನಡುವೆ ಹಳದಿ ಜ್ವರದ ಲಸಿಕೆ ಕಾರ್ಡು ಕಾಣೆಯಾಯ್ತು. ಅದಿಲ್ಲದೆ ಇಲ್ಲಿಂದ ಇಂಡಿಯಾಕ್ಕೆ ಇಳಿದರೆ ಆರು ದಿನದವರೆಗೆ ಕ್ವಾರಂಟೈನ್. ಕಪಾಟು, ಪೆಟ್ಟಿಗೆ ಎಲ್ಲ ಜಾಲಾಡಿದ ಮೇಲೆ ಪ್ರಾರ್ಥನೆ ಪುಸ್ತಕದೊಳಗೆ ಸಿಕ್ಕಿತು. ಹತ್ತು ವರ್ಷದ ಅವಧಿ ಮುಗಿದಿದೆಯಲ್ಲಾ ಅಂತ ಅವರು ಮತ್ತೆ ಕೂತುಬಿಟ್ಟರು. 2016ರಿಂದ ಅದು ಜೀವನಪೂರ್ತಿಗೆ ಸಲ್ಲುತ್ತದೆ ಅಂತ ತಿಳಿಸಿ ಹೇಳಿದಾಗ, 'ಹಾಗಾದರೆ ಕಾರ್ಡಿಗೆ ನಿವೃತ್ತಿ ಇಲ್ಲ' ಅಂದು ನಕ್ಕರು. ನನಗೆ ನಗು ಬರಲಿಲ್ಲ.

ಈಗ ನಿನ್ನ ಪಾಳಿ. ಫಾದರ್ ಬರುವ ಶುಕ್ರವಾರ ಮುಂಬೈ ಮೇಲಿಂದ ಬೆಂಗಳೂರಿಗೆ ಬಂದಿಳಿಯುತ್ತಾರೆ. ಏರ್‌ಪೋರ್ಟಿಗೆ ನೀನೇ ಹೋಗು, ಆ್ಯಪಿನಲ್ಲಿ ಗಾಡಿ ಕಳಿಸಿ ಸುಮ್ಮನಾಗಬೇಡ. ಅವರ ಫೋನಿನಲ್ಲಿ ಎಂ-ಪೆಸಾ ಇದೆ. ಇಲ್ಲಿ ಸೊಪ್ಪಿನವಳಿಗೂ ಅದರಲ್ಲೇ ದುಡ್ಡು ಕೊಡುತ್ತಿದ್ದರು. ಯುಪಿಐ ಇಲ್ಲ, ಕೈಯಲ್ಲಿ ರೂಪಾಯಿಯೂ ಇರಲ್ಲ. ಊಟ ಮಾಡಿಸಿ, ಮೆಜೆಸ್ಟಿಕ್ಕಿನಲ್ಲಿ ಚಿಕ್ಕಮಗಳೂರು ಬಸ್ಸಿಗೆ ಹತ್ತಿಸು, ಕಿಟಕಿ ಪಕ್ಕದ ಸೀಟು. ಸೂಟ್‌ಕೇಸ್ ಅವರು ಕೊಡಲ್ಲ, ಕಿತ್ತುಕೊಂಡೇ ಹೊರು. ಅದರಲ್ಲಿ ಒಂದು ಪ್ಯಾಕೆಟ್ ಚಹಾಪುಡಿ ನಿನ್ನ ಹೆಸರಿಗಿದೆ. ಬಸ್ ಹೊರಡುವ ಮೊದಲೇ ಕೇಳಿ ತಗೋ, ಇಲ್ಲದಿದ್ದರೆ ಅದೂ ಊರು ಸೇರುತ್ತೆ.

ನಿನ್ನವ