ಲಸಿಕೆ ಶಿಬಿರದಲ್ಲಿ ಮುದಿ ನಾಯಿಯ ತೂಕವನ್ನೂ ನೋಡಿ

ಸಂಪಾದಕರೇ,

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಎಷ್ಟೋ ಊರುಗಳಲ್ಲಿ ನಾಯಿಗಳಿಗೆ ಉಚಿತ ಲಸಿಕೆ ಶಿಬಿರ ನಡೆಯುತ್ತದೆ. ಪಶುಪಾಲನಾ ಇಲಾಖೆಯವರಲ್ಲಿ ಒಂದು ಕೋರಿಕೆ. ಲಸಿಕೆ ಹಾಕಿದ ಮೇಲೆ, ವಯಸ್ಸಾದ ನಾಯಿಗಳನ್ನು ಇನ್ನೈದು ನಿಮಿಷ ನಿಲ್ಲಿಸಿಕೊಂಡು ನೋಡಿ ಕಳಿಸಿ. ಯಾಕೆ ಅಂತ ನಮ್ಮನೆ ಬೆಳ್ಳಿಯ ಕಥೆ ಕೇಳಿದರೆ ಗೊತ್ತಾಗುತ್ತದೆ.

ಬೆಳ್ಳಿ ಊರು ನಾಯಿ. ನಾನಿನ್ನೂ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ, ಒಂದು ಸಂಜೆ ಬಸ್ ಇಳಿದಾಗ ನನ್ನ ಹಿಂದೆಯೇ ಮನೆವರೆಗೂ ಬಂದ ಮರಿ. ಹನ್ನೆರಡು ವರ್ಷ ಅಂಗಳ, ಕೊಟ್ಟಿಗೆ, ತೋಟ ಎಲ್ಲ ಅವಳದೇ ಕಾವಲು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅವಳು ಬಚ್ಚಲ ಒಲೆಯ ಪಕ್ಕ ಬಿಟ್ಟು ಏಳುವುದೇ ಕಡಿಮೆಯಾಯಿತು. ಅನ್ನ ಮೂಸಿ ಬಿಡುತ್ತಿದ್ದಳು. ನೀರು ಮಾತ್ರ ಬಟ್ಟಲು ಬಟ್ಟಲು ಕುಡಿಯುತ್ತಿದ್ದಳು. ಜಡಿಮಳೆಯಲ್ಲಿ ನಾಯಿಗೆ ಅಷ್ಟು ಬಾಯಾರಿಕೆ ಯಾಕೆ ಅಂತ ನನಗೆ ಹೊಳೆಯಲೇ ಇಲ್ಲ. ಬಂದವರೆಲ್ಲ ಹೇಳಿದ್ದು ಒಂದೇ ಮಾತು. ‘ವಯಸ್ಸಾಯ್ತಲ್ಲ ಟೀಚರ್, ಇನ್ನೆಷ್ಟು ದಿನ ಬಿಡಿ.’ ನಾನೂ ಹೌದು ಅಂದುಕೊಂಡು ಸುಮ್ಮನಿದ್ದೆ. ಹತ್ತು ದಿನ ಹಾಗೇ ಹೋಯಿತು. ಆ ಹತ್ತು ದಿನ ನೆನೆದರೆ ಈಗಲೂ ಸಂಕಟವಾಗುತ್ತದೆ.

ಒಂದು ಬೆಳಿಗ್ಗೆ ಅವಳು ಮಲಗುವ ಗೋಣಿಚೀಲ ಕೊಡವಲು ಹೋದೆ. ಅದರ ಮೇಲೆ ಅಂಟು ಅಂಟಾದ ಕಂದು ಕಲೆ. ಕೆಟ್ಟ ವಾಸನೆ. ಪಶು ವೈದ್ಯರಿಗೆ ಫೋನ್ ಮಾಡಿದೆ. ಅವರು ಬೇರೆ ಊರಲ್ಲಿ ಕರು ಹಾಕಲಾರದೆ ಒದ್ದಾಡುತ್ತಿದ್ದ ಹಸುವಿನ ಹತ್ತಿರ ಇದ್ದರು. ಆದರೂ ಸಂಜೆ ಮಳೆಯಲ್ಲೇ ಬಂದರು. ಬೆಳ್ಳಿಯ ಹೊಟ್ಟೆ ಮೆತ್ತಗೆ ಒತ್ತಿ ನೋಡಿ, ‘ಬೆದೆಗೆ ಬಂದು ಎಷ್ಟು ದಿನ ಆಯ್ತು?’ ಅಂತ ಕೇಳಿದರು. ಲೆಕ್ಕ ಹಾಕಿದರೆ ಒಂದೂವರೆ ತಿಂಗಳು. ಗರ್ಭಕೋಶದಲ್ಲಿ ಕೀವು ತುಂಬಿದೆ, ನಾಳೆ ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಅಂದರು.

ಬಾಡಿಗೆ ಓಮ್ನಿಯಲ್ಲಿ ಅರವತ್ತು ಕಿಲೋಮೀಟರ್. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಸ್ಕ್ಯಾನ್ ಮಾಡಿ, ರಕ್ತ ನೋಡಿ, ಅವತ್ತೇ ಆಪರೇಷನ್ ಮಾಡಿದರು. ತೆಗೆದ ಗರ್ಭಕೋಶವನ್ನು ಟ್ರೇಯಲ್ಲಿ ತೋರಿಸಿದರು. ಎರಡೂ ಕಡೆ ಊದಿ ನೇಂದ್ರ ಬಾಳೆಕಾಯಿಯಷ್ಟು ದಪ್ಪ ಆಗಿತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗಿದ್ದ ಜೀವಕ್ಕೆ ನಾವು ‘ವಯಸ್ಸಾಯ್ತು’ ಅಂದಿದ್ದೆವು! ನಾಲ್ಕನೇ ದಿನ ಮೊಸರನ್ನ ತಿಂದಳು. ಈಗ ಅವಳಿಗೆ ಹದಿನಾಲ್ಕು ನಡೆಯುತ್ತಿದೆ.

ಈ ಕಾಯಿಲೆಗೆ ಪಯೋಮೆಟ್ರಾ ಅನ್ನುತ್ತಾರೆ. ಸಂತಾನಹರಣ ಆಪರೇಷನ್ ಆಗದ, ವಯಸ್ಸಾದ ಹೆಣ್ಣು ನಾಯಿಗಳಲ್ಲಿ ಇದು ಸಾಮಾನ್ಯ. ನಮಗೆ ಮುಟ್ಟು ನಿಂತ ಹಾಗೆ ನಾಯಿಗೆ ಬೆದೆ ನಿಲ್ಲುವುದಿಲ್ಲ. ಬೆದೆ ಮುಗಿದ ಕೆಲವು ವಾರಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಕೀವು ಹೊರಗೆ ಬರುವುದೇ ಇಲ್ಲ. ಅದು ಇನ್ನೂ ಅಪಾಯ. ಚಿಕ್ಕ ವಯಸ್ಸಿನಲ್ಲೇ ಆಪರೇಷನ್ ಮಾಡಿಸಿದ್ದರೆ ಬೆಳ್ಳಿಗೆ ಈ ನೋವೇ ಇರುತ್ತಿರಲಿಲ್ಲ. ನಾನು ಮಾಡಿಸಿರಲಿಲ್ಲ, ಅದು ನನ್ನದೇ ತಪ್ಪು.

ಬಾಯಾರಿಕೆ ಜಾಸ್ತಿ ಆದರೆ ಕಿಡ್ನಿ ತೊಂದರೆ ಇರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು. ಬೆಕ್ಕುಗಳಿಗೂ ಅಷ್ಟೇ. ಅವು ನೋವನ್ನು ತೋರಿಸಿಕೊಳ್ಳುವುದು ಇನ್ನೂ ಕಡಿಮೆ.

ಈಗ ನಾನು ತಿಂಗಳಿಗೊಮ್ಮೆ ಬೆಳ್ಳಿಯನ್ನು ಅಡಿಕೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುತ್ತೇನೆ. ತೂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಈ ಬೇಸಿಗೆಯಲ್ಲಿ 16 ಕಿಲೋ ಇದ್ದವಳು ಎರಡು ತಿಂಗಳಲ್ಲಿ 15ಕ್ಕೆ ಇಳಿದಳು. ಕಣ್ಣಿಗೆ ಏನೂ ಗೊತ್ತಾಗಿರಲಿಲ್ಲ. ಡಾಕ್ಟರ್ ಬಾಯಿ ತೆರೆದು ನೋಡಿದರೆ ಒಂದು ದವಡೆ ಹಲ್ಲು ಕೊಳೆತಿತ್ತು. ತೆಗೆದ ಮೇಲೆ ಮತ್ತೆ ಊಟ ಸೇರಿತು.

ಇನ್ನೊಂದು ಮಾತು ಹೇಳಲೇಬೇಕು. ಅವಳು ಕುಂಟುತ್ತಿದ್ದಾಗ, ಒಂದು ಔಷಧಿ ಅಂಗಡಿಯಲ್ಲಿ ಮನುಷ್ಯರ ನೋವಿನ ಮಾತ್ರೆಯನ್ನೇ ಅರ್ಧ ಮಾಡಿ ಕೊಡಿ ಅಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಬೆಕ್ಕಿಗಂತೂ ಒಂದೇ ಒಂದು ಪ್ಯಾರಾಸಿಟಮಾಲ್ ಸಾಕು, ಜೀವ ಹೋಗಬಹುದು.

ನಮ್ಮ ಪಶು ವೈದ್ಯರ ಮೇಲೆ ನನ್ನದೇನೂ ದೂರಿಲ್ಲ. ಕಾಲುಬಾಯಿ ರೋಗದ ಲಸಿಕೆ, ಹೆರಿಗೆ, 2022ರಲ್ಲಿ ಬಂದಂಥ ಚರ್ಮಗಂಟು ರೋಗ, ಎಲ್ಲದಕ್ಕೂ ಅವರೇ ಓಡಬೇಕು. ಹಸು ಎಮ್ಮೆಗಳಿಂದ ಮನೆ ನಡೆಯುವ ಊರಲ್ಲಿ ಅವಕ್ಕೇ ಮೊದಲ ಜಾಗ, ಅದು ಸರಿ. ಹಾಗಾಗಿ ದೊಡ್ಡದೇನೂ ಕೇಳುತ್ತಿಲ್ಲ.

ಲಸಿಕೆ ಶಿಬಿರಕ್ಕೆ ನಾಯಿಗಳು ಹೇಗೂ ಬಂದಿರುತ್ತವೆ. ಡಾಕ್ಟರ ಕೈ ಹೇಗೂ ಅವುಗಳ ಮೈ ಮೇಲೆ ಇರುತ್ತದೆ. ಎಂಟು ವರ್ಷ ದಾಟಿದ ನಾಯಿಯಾದರೆ ಬಾಯಿ ನೋಡಿ, ಹೊಟ್ಟೆ ಮುಟ್ಟಿ, ‘ನೀರು ಜಾಸ್ತಿ ಕುಡಿಯುತ್ತಾ? ಬೆದೆ ಯಾವಾಗ ಬಂದಿತ್ತು?’ ಅಂತ ಎರಡು ಮಾತು ಕೇಳಿ. ತೂಕ ನೋಡಿ ಲಸಿಕೆ ಕಾರ್ಡಿನ ಹಿಂದೆ ತಾರೀಖು ಹಾಕಿ ಬರೆದುಕೊಡಿ. ಮುಂದಿನ ವರ್ಷ ಅದೇ ಕಾರ್ಡ್ ತಂದಾಗ ವ್ಯತ್ಯಾಸ ಕಾಣುತ್ತದಲ್ವಾ? ಅನುಮಾನ ಬಂದವುಗಳ ರಕ್ತ ತೆಗೆದು ಜಿಲ್ಲಾ ಕೇಂದ್ರಕ್ಕೆ ಕಳಿಸುವ ಏರ್ಪಾಡು ಆದರಂತೂ ಇನ್ನೂ ಒಳ್ಳೆಯದು. ಎಲ್ಲರಿಗೂ ಓಮ್ನಿ ಮಾಡಿಕೊಂಡು ಹೋಗಲು ಆಗುವುದಿಲ್ಲ.

ಶಿಬಿರದಲ್ಲಿ ತಕ್ಕಡಿ ಇಲ್ಲ ಅನ್ನುವುದಾದರೆ, ನಮ್ಮೂರಿನ ಮಟ್ಟಿಗೆ ನಮ್ಮನೆ ಅಡಿಕೆ ತಕ್ಕಡಿಯನ್ನು ಬೆಳಿಗ್ಗೆ ಒಂಬತ್ತಕ್ಕೇ ತಂದಿಡುತ್ತೇನೆ.

– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು