ದುಬಾರಿ ವಾಚಿನ ಒಳಗೇನಿದೆ

ಸಂಪಾದಕರೇ,

ದುಬಾರಿ ಮೆಕ್ಯಾನಿಕಲ್ ವಾಚು ಅಂದರೆ ಸುಮ್ನೆ ದುಡ್ಡಿನ ಜಂಬ ಎಂದು ಮೂಗು ಮುರಿಯುವವರು ಒಮ್ಮೆ ಅದರ ಒಳಗೆ ಇಣುಕಿ ನೋಡಲಿ. ಕೀಲಿ ಕೊಟ್ಟಾಗ ಸುತ್ತಿಕೊಂಡ ಸ್ಪ್ರಿಂಗು ಬಿಚ್ಚಿಕೊಳ್ಳುತ್ತಾ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ, ಆ ಬಲ ಒಂದೇ ಸಲ ಖಾಲಿಯಾಗದಂತೆ ಎಸ್ಕೇಪ್‌ಮೆಂಟ್ ಎಂಬ ತಡೆ ಒಂದೊಂದೇ ಹಲ್ಲು ಬಿಡುತ್ತದೆ, ಕೂದಲೆಳೆಯಂಥ ಇನ್ನೊಂದು ಸ್ಪ್ರಿಂಗು ಬ್ಯಾಲೆನ್ಸ್ ಚಕ್ರವನ್ನು ಅತ್ತಿತ್ತ ಆಡಿಸುತ್ತದೆ. ಈಗಿನ ಎಷ್ಟೋ ವಾಚುಗಳಲ್ಲಿ ಆ ಚಕ್ರಕ್ಕೆ ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ 8! ಒಳ್ಳೆಯ ವಾಚಿನಲ್ಲಿ ಯಾರ ಕಣ್ಣಿಗೂ ಬೀಳದ ಬಿಡಿಭಾಗದ ಅಂಚನ್ನೂ ಕೈಯಲ್ಲೇ ಉಜ್ಜಿ ಹೊಳಪು ಕೊಟ್ಟಿರುತ್ತಾರೆ.

ಎಸ್ಕೇಪ್‌ಮೆಂಟನ್ನೂ ಬ್ಯಾಲೆನ್ಸ್ ಚಕ್ರವನ್ನೂ ಒಂದು ಪುಟ್ಟ ಪಂಜರದಲ್ಲಿಟ್ಟು ಸುತ್ತಿಸುವ ಟೂರ್ಬಿಯಾನ್ ವಿಷಯ ಬೇರೆ. ಗಡಿಯಾರ ತಯಾರಕ ಬ್ರೆಗೆ 1801ರಲ್ಲಿ ಅದಕ್ಕೆ ಪೇಟೆಂಟ್ ಪಡೆದದ್ದು ಜೇಬಿನಲ್ಲಿ ನೆಟ್ಟಗೆ ನಿಲ್ಲುವ ಗಡಿಯಾರದ ಸಮಯ ಗುರುತ್ವದಿಂದ ತಪ್ಪುವ ತೊಂದರೆ ನೀಗಿಸಲು. ಸದಾ ಅಲುಗಾಡುವ ಕೈಗೆ ಅದು ನನ್ನ ಪ್ರಕಾರ ಬರೀ ಶೋಕಿ.

ಹೌದು, ಬ್ಯಾಟರಿಯಿಂದ ನಡೆಯುವ ಅಗ್ಗದ ಕ್ವಾರ್ಟ್ಜ್ ವಾಚೇ ಸಮಯವನ್ನು ಹೆಚ್ಚು ಕರಾರುವಾಕ್ಕಾಗಿ ತೋರಿಸುತ್ತದೆ. ಆದರೆ ಅದನ್ನು ಬಿಚ್ಚಿ ನೋಡಬೇಕು ಅನಿಸುವುದಿಲ್ಲ, ಅಲ್ವಾ?

– ಒಬ್ಬ ಓದುಗ