ಔಷಧಿಗಿಂತ ಮುಂಚೆ ನಾಲ್ಕು ಹನಿ ರಕ್ತ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮೂರು ತಿಂಗಳ ಕೂಸು ಹಾಲು ಬಿಟ್ಟು, ಏದುಸಿರು ಬಿಡುತ್ತ ತಾಲ್ಲೂಕು ಆಸ್ಪತ್ರೆಗೆ ಬಂದರೆ ಆಮ್ಲಜನಕ, ಮೈಯ ನೀರಿಳಿಸುವ ಫ್ಯೂರೋಸೆಮೈಡ್ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸುವುದು ವಾಡಿಕೆ. ಹೃದಯ ಹಿಗ್ಗಿರುವುದನ್ನು ಎಕೋ (ಹೃದಯದ ಅಲ್ಟ್ರಾಸೌಂಡ್) ತೋರಿಸುತ್ತದೆ. ಯಾಕೆ ಹಿಗ್ಗಿತೆಂಬ ಸುಳಿವು ಎಷ್ಟೋ ಸಲ ರಕ್ತದ ಸಣ್ಣ ಅಣುಗಳಲ್ಲಿರುತ್ತದೆ. ಅವನ್ನು ಒಟ್ಟಾಗಿ ಅಳೆಯುವ ವಿದ್ಯೆಯೇ ಮೆಟಬಾಲೊಮಿಕ್ಸ್.

ಉದಾಹರಣೆಗೆ, ಕೊಬ್ಬನ್ನು ಇಂಧನವಾಗಿ ಉರಿಸಲು ಹೃದಯಕ್ಕೆ ಬೇಕಾದ ಅಣು ಕಾರ್ನಿಟಿನ್. ರಕ್ತದಲ್ಲಿ ಮುಕ್ತ ಕಾರ್ನಿಟಿನ್ ಲೀಟರಿಗೆ ಸುಮಾರು 25ರಿಂದ 50 ಮೈಕ್ರೋಮೋಲ್ ಇರಬೇಕು. ಅದು 5ಕ್ಕಿಂತ ಕೆಳಗಿದ್ದರೆ ಕಾರ್ನಿಟಿನ್ ಸಾಗಿಸುವ ಪ್ರೋಟೀನಿನ ದೋಷವನ್ನು ಶಂಕಿಸಬೇಕು. ಅಂಥ ಮಗುವಿಗೆ ಬೇಕಾದದ್ದು ಲೀವೊಕಾರ್ನಿಟಿನ್ ಸಿರಪ್: ದಿನಕ್ಕೆ ಕಿಲೋ ತೂಕಕ್ಕೆ 100ರಿಂದ 400 ಮಿ.ಗ್ರಾಂ, ಮೂರು ಪಾಲಾಗಿ, ಜೀವನಪೂರ್ತಿ. ಬೇಗ ಶುರುವಾದರೆ ಹೃದಯ ಚೇತರಿಸಿಕೊಳ್ಳುತ್ತದೆ. ಅದೇ ಎಕೋ ಇರುವ ಇನ್ನೊಂದು ಮಗುವಿನಲ್ಲಿ ಸಿ14:1 ಅಸೈಲ್‌ಕಾರ್ನಿಟಿನ್ ಏರಿರಬಹುದು; ಅದು ಉದ್ದ ಸರಪಳಿಯ ಕೊಬ್ಬನ್ನು ಉರಿಸಲಾಗದ ದೋಷದ ಗುರುತು. ಆ ಮಗುವನ್ನು ಹಸಿದಿರಲು ಬಿಡಬಾರದು. ಉದ್ದ ಸರಪಳಿಯ ಕೊಬ್ಬು ತಗ್ಗಿಸಿ ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬಿನ) ಎಣ್ಣೆ ಕೊಡಬೇಕು.

ಕೆಲಸ ಕೆಡುವುದು ಅಳೆಯುವ ಯಂತ್ರದಲ್ಲಲ್ಲ, ರಕ್ತ ತೆಗೆಯುವ ಹಾಸಿಗೆಯ ಪಕ್ಕದಲ್ಲಿ. ಗ್ಲೂಕೋಸ್ ಡ್ರಿಪ್ ಏರಿದ ಮೇಲೆ ಕೊಬ್ಬಿನ ದೋಷದ ಗುರುತು ಮಸುಕಾಗುತ್ತದೆ. ಕಾರ್ನಿಟಿನ್ ಕೊಟ್ಟಾಗಿದ್ದರೆ ಕೊರತೆ ಮುಚ್ಚಿಹೋಗುತ್ತದೆ. ರಕ್ತ ಏರಿಸಿದ್ದರೆ ಅಳೆಯುವುದು ದಾನಿಯದನ್ನೂ. ಅಪಸ್ಮಾರಕ್ಕೆ ಕೊಡುವ ವಾಲ್ಪ್ರೊಯೇಟ್ ಕಾರ್ನಿಟಿನ್ ತಗ್ಗಿಸುತ್ತದೆ, ಹಾಗಾಗಿ ಮಾದರಿಯ ಜೊತೆಗಿನ ಚೀಟಿಯಲ್ಲಿ ಔಷಧಿಗಳ ಹೆಸರೂ ಬೇಕು. ಮಾದರಿಗಾಗಿ ಕೂಸಿನ ಹಿಮ್ಮಡಿ ಚುಚ್ಚಿ, ಮೊದಲ ಹನಿ ಒರೆಸಿ, ಫಿಲ್ಟರ್ ಕಾರ್ಡಿನ ವೃತ್ತಕ್ಕೊಂದರಂತೆ ನಾಲ್ಕು ದಪ್ಪ ಹನಿ ತುಂಬಿಸಬೇಕು. ಹನಿಯ ಮೇಲೆ ಹನಿ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಬಿಸಿಲು ತಾಗದಂತೆ ಅಡ್ಡಲಾಗಿ ಮೂರ್ನಾಲ್ಕು ಗಂಟೆ ಒಣಗಿಸಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕವರಿನೊಳಗೆ ತೇವ ಹೀರುವ ಪೊಟ್ಟಣವಿಲ್ಲದಿದ್ದರೆ ಕಾರ್ಡು ಕೆಟ್ಟಂತೆಯೇ. (ಕೋಟಿ ಬೆಲೆಯ ಯಂತ್ರದ ಉದ್ಘಾಟನೆಗೆ ತಮ್ಮನ್ನು ಕರೆಯುವವರು ಬಹಳ; ಕಾರ್ಡು ಒಣಗಿಸುವ ಸ್ಟ್ಯಾಂಡಿಗೆ ಯಾರೂ ಟೇಪು ಕತ್ತರಿಸುವುದಿಲ್ಲ.)

ನಮ್ಮ ರಾಜ್ಯಕ್ಕೆ ಇನ್ನೂ ಹತ್ತಿರದ ಸಂಗತಿ ಥಯಮಿನ್ (ವಿಟಮಿನ್ ಬಿ1) ಕೊರತೆ. ಬಾಣಂತಿ ಪಥ್ಯವೆಂದು ಕಾಳು, ಬೇಳೆ, ಸೊಪ್ಪು ಬಿಡಿಸಿ ಪಾಲಿಶ್ ಅಕ್ಕಿಯ ಅನ್ನವನ್ನಷ್ಟೇ ಬಡಿಸಿದರೆ ಎದೆಹಾಲಿನಲ್ಲಿ ಬಿ1 ಇಳಿಯುತ್ತದೆ. ಕೂಸಿನ ಹೃದಯ ಸೋಲುತ್ತದೆ, ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ಅಣು ಏರುತ್ತದೆ. ಮೇಲಿನ ಕಾರ್ಡಿನಲ್ಲಿ ಇದು ಸಿಗುವುದಿಲ್ಲ. ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದು, ಬೆಳಕು ತಾಗದಂತೆ ಫಾಯಿಲ್ ಸುತ್ತಿಟ್ಟು, ವರದಿಗೆ ಕಾಯದೆ 25ರಿಂದ 50 ಮಿ.ಗ್ರಾಂ ಥಯಮಿನನ್ನು ನಿಧಾನವಾಗಿ ರಕ್ತನಾಳಕ್ಕೆ ಕೊಡಬೇಕು. ಕೊರತೆಯೇ ಕಾರಣವಾಗಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದೊಳಗೇ ಕೂಸು ಚೇತರಿಸಿಕೊಳ್ಳುತ್ತದೆ.

ಸಾವಿರಾರು ಅಣುಗಳನ್ನು ಜಾಲಾಡಿ ಪ್ರತಿ ಮಗುವಿಗೂ ಔಷಧಿ ಆರಿಸುವ ಮಾತು ಇನ್ನೂ ಸಂಶೋಧನೆಯ ಹಂತದ್ದು. ಅದಕ್ಕಾಗಿ ಈಗಲೇ ಬೊಕ್ಕಸ ತೆರೆಯಿರೆಂದು ನಾವು ಕೇಳುತ್ತಿಲ್ಲ. ಕೇಳುವುದಿಷ್ಟು: ಕಾರಣ ಗೊತ್ತಿಲ್ಲದ ಹೃದಯ ವೈಫಲ್ಯವಿರುವ ಪ್ರತಿ ಮಗುವಿನ ಮಾದರಿಯನ್ನು ಚಿಕಿತ್ಸೆ ತಡವಾಗದಂತೆ ಮೊದಲೇ ತೆಗೆಯಲು ಒಂದು ಸುತ್ತೋಲೆ, ಜಿಲ್ಲಾಸ್ಪತ್ರೆಯಿಂದ ಈ ಅಣುಗಳನ್ನು ಅಳೆಯುವ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೊಮೆಟ್ರಿ ಪ್ರಯೋಗಾಲಯಕ್ಕೆ ದಿನವೂ ಕೊರಿಯರ್, ಅಸಹಜ ಫಲಿತಾಂಶ ಬಂದ ದಿನವೇ ವೈದ್ಯರಿಗೆ ಫೋನು, ಲೀವೊಕಾರ್ನಿಟಿನ್ ಉಚಿತ ಔಷಧಿಗಳ ಪಟ್ಟಿಗೆ, ತಾಲ್ಲೂಕು ಆಸ್ಪತ್ರೆಯ ತುರ್ತು ಟ್ರೇಯಲ್ಲಿ ಸದಾ ಥಯಮಿನ್ ಆಂಪ್ಯೂಲ್. ಬಾಣಂತಿಯ ಮನೆಗೆ ಹೋಗುವ ಆಶಾ ಕಾರ್ಯಕರ್ತೆ ತಟ್ಟೆಯಲ್ಲಿ ಏನಿದೆ ಎಂದೂ ಕೇಳಲಿ.

ಇಂತಿ,
ಮಕ್ಕಳ ಹೃದಯ ಚಿಕಿತ್ಸೆ ಮತ್ತು ಜೀವರಸಾಯನ ಪ್ರಯೋಗಾಲಯಗಳಲ್ಲಿ ದುಡಿಯುವವರು